ಹೆಸರು ಒಂದೇ, ಅಗಲ ಬೇರೆ

ನ್ಯೂಟೌನ್, ಭದ್ರಾವತಿ

ಚಿ. ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಗ್ರಾಫಿಕ್ಸ್ ಕಾರ್ಡಿನ ಎರಡೂ ಫೋಟೋ ನೋಡಿದೆ. ಒಂದು ಶಿವಮೊಗ್ಗದ ನೆಹರು ರಸ್ತೆಯ ಅಂಗಡಿಯಲ್ಲಿ ತೆಗೆದದ್ದು, ಇನ್ನೊಂದು ಆನ್‌ಲೈನಿನದು. ಎರಡು ಡಬ್ಬದ ಮೇಲೂ ದಪ್ಪಕ್ಷರದಲ್ಲಿ ಆರ್‌ಟಿಎಕ್ಸ್ 3060. ಮೂಲೆಯಲ್ಲಿ ಸಣ್ಣದಾಗಿ ಒಂದಕ್ಕೆ 12 ಜಿಬಿ, ಇನ್ನೊಂದಕ್ಕೆ 8 ಜಿಬಿ. "ಮೆಮೊರಿ ಸ್ವಲ್ಪ ಕಮ್ಮಿ ಅಷ್ಟೇ ದೊಡ್ಡಪ್ಪ, ಕಾರ್ಡ್ ಎರಡೂ ಒಂದೇ. 8 ಜಿಬಿದು ತಗೊಂಡು ಉಳಿದ ದುಡ್ಡಲ್ಲಿ ಮಾನಿಟರ್ ನೋಡ್ತೀನಿ" ಅಂತ ಬರೆದಿದ್ದೀಯ. ಇದಕ್ಕೆ ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಹೂಂ ಹೂಂ ಅನ್ನುತ್ತಲೇ ಆಟ ಆಡುತ್ತಿರುತ್ತೀಯ, ಹಿಂದಿನಿಂದ ಗುಂಡಿನ ಸದ್ದು ನನಗೂ ಕೇಳಿಸುತ್ತದೆ. ಕಾಗದವಾದರೆ ಕೂತು ಓದಲೇಬೇಕು.

ಕಾರ್ಡ್ ಎರಡೂ ಒಂದೇ ಅಲ್ಲ ಕಣೋ.

ಎನ್‌ವಿಡಿಯಾ ಕಂಪನಿಯ 12 ಜಿಬಿಯ 3060 ಬಂದದ್ದು 2021ರ ಫೆಬ್ರವರಿಯಲ್ಲಿ, ಅಮೆರಿಕದಲ್ಲಿ 329 ಡಾಲರಿಗೆ. 8 ಜಿಬಿಯದು 2022ರ ಅಕ್ಟೋಬರಿನಲ್ಲಿ, ಸದ್ದುಗದ್ದಲ ಇಲ್ಲದೆ ಬಂತು. ಲೆಕ್ಕ ಮಾಡುವ ಕೋರ್‌ಗಳು ಎರಡರಲ್ಲೂ 3584. ಅಲ್ಲಿಯವರೆಗೆ ನಿನ್ನ ಮಾತು ಸರಿ. ಸ್ಪೆಸಿಫಿಕೇಶನ್ ಪಟ್ಟಿಯಲ್ಲಿ ಇನ್ನೂ ಕೆಳಗಿಳಿ. ಮೆಮೊರಿ ಬಸ್, ಅಂದರೆ ಮೆಮೊರಿಯಿಂದ ಚಿಪ್ಪಿಗೆ ಹೋಗುವ ದಾರಿಯ ಅಗಲ, ಅಂತ ಒಂದು ಸಾಲು ಇರುತ್ತದೆ, ಯಾರೂ ಓದದ ಸಾಲು. ಅಲ್ಲಿ 12 ಜಿಬಿಯದಕ್ಕೆ 192 ಬಿಟ್, 8 ಜಿಬಿಯದಕ್ಕೆ 128 ಬಿಟ್. ಈಗ ಪೆನ್ನು ತಗೋ. ಎರಡರ ಮೆಮೊರಿ ವೇಗವೂ ಒಂದೇ, ಪ್ರತಿ ತಂತಿಗೆ ಸೆಕೆಂಡಿಗೆ 15 ಗಿಗಾಬಿಟ್. 192ನ್ನು 15ರಿಂದ ಗುಣಿಸಿ 8ರಿಂದ ಭಾಗಿಸು, 360 ಬರುತ್ತದೆ. 128ಕ್ಕೆ ಹಾಗೇ ಮಾಡು, 240. ಮೆಮೊರಿಯಿಂದ ಚಿಪ್ಪಿಗೆ ಸೆಕೆಂಡಿಗೆ 360 ಗಿಗಾಬೈಟ್ ಹೋಗುವ ಕಡೆ 240 ಹೋಗುತ್ತದೆ. ಮೂರರಲ್ಲಿ ಒಂದು ಪಾಲು ಕೈಬಿಟ್ಟಿತು. ನಿನ್ನ ಫೋಟೋದಲ್ಲಿ ಡಬ್ಬದ ಮುಖವನ್ನು ದೊಡ್ಡದು ಮಾಡಿ ಹುಡುಕಿದೆ, ಇದರ ಸುದ್ದಿಯೇ ಇಲ್ಲ.

ಯಾಕೆ ಹೀಗಾಯಿತು ಅನ್ನುವುದು ಸರಳ. ಈ ಕಾರ್ಡುಗಳಲ್ಲಿರುವ ಜಿಡಿಡಿಆರ್6 ಮೆಮೊರಿ ಚಿಪ್ಪು ಒಂದೊಂದಕ್ಕೂ 32 ಬಿಟ್‌ನ ದಾರಿ. 2 ಜಿಬಿಯ ಆರು ಚಿಪ್ಪು ಕೂರಿಸಿದರೆ 12 ಜಿಬಿ, ದಾರಿ ಆರು ಮೂವತ್ತೆರಡಲೆ 192. ಎರಡು ಚಿಪ್ಪು ಕಿತ್ತರೆ 8 ಜಿಬಿ, ಜೊತೆಗೆ ಅವೆರಡರ ದಾರಿಯೂ ಹೋಗಿ 128. ನೀನು ಬಿಟ್ಟುಕೊಡುತ್ತಿರುವುದು ಜಾಗ ಮಾತ್ರ ಅಂದುಕೊಂಡಿದ್ದೆ, ವೇಗವೂ ಅದರ ಜೊತೆಗೇ ಹೋಯಿತು. ಕೋರ್‌ಗಳು ಅಷ್ಟೇ ಇವೆ, ಅವಕ್ಕೆ ಬೇಕಾದ ಮಾಲು ಮಾತ್ರ ಹೊತ್ತಿಗೆ ಸರಿಯಾಗಿ ಬರುವುದಿಲ್ಲ.

ಇದು ನನಗೆ ಒಗ್ಗದೇ ಇರುವುದಕ್ಕೆ ಕಾರಣ ಇದೆ. ನಿನಗೆ ಗೊತ್ತಲ್ಲ, ನಾನು ಇಲ್ಲಿನ ಉಕ್ಕಿನ ಕಾರ್ಖಾನೆಯ ಲ್ಯಾಬಿನಲ್ಲಿದ್ದವನು. 1923ರಲ್ಲಿ ಸೌದೆ ಇದ್ದಿಲಿನ ಕುಲುಮೆಯಲ್ಲಿ ಬೀಡುಕಬ್ಬಿಣ ತೆಗೆಯಲು ಶುರು ಮಾಡಿದ ಕಾರ್ಖಾನೆ ಅದು; ಆಮೇಲಾಮೇಲೆ ಮಿಶ್ರ ಉಕ್ಕು, ವಿಶೇಷ ಉಕ್ಕಿಗೆ ಹೆಸರಾಯಿತು. ಕಾರ್ಖಾನೆಗೇ ಎಷ್ಟು ಹೆಸರು! ಮೈಸೂರು ಐರನ್ ವರ್ಕ್ಸ್ ಅಂತಿದ್ದದ್ದು ವಿಶ್ವೇಶ್ವರಯ್ಯನವರ ಹೆಸರು ಹೊತ್ತು ವಿಐಎಸ್‌ಎಲ್ ಆಯಿತು, 1998ರಲ್ಲಿ ಸರ್ಕಾರಿ ಉಕ್ಕು ಕಂಪನಿ ಸೈಲ್ ಒಳಗೆ ಸೇರಿತು, 2023ರಲ್ಲಿ ಮುಚ್ಚುತ್ತೇವೆ ಅಂದರು, ಊರೆಲ್ಲ ಬೀದಿಗಿಳಿಯಿತು. ಅದರ ಹಣೆಬರಹ ಇನ್ನೊಂದು ಕಾಗದಕ್ಕಾಗುವಷ್ಟಿದೆ, ಇಲ್ಲಿ ಬೇಡ. ನಾನು ಹೇಳಹೊರಟದ್ದು ಉಕ್ಕಿನ ಹೆಸರಿನ ವಿಷಯ.

40ಸಿ8 ಅಂತ ಒಂದು ಉಕ್ಕು. ಲೇತ್ ಅಂಗಡಿಯವರ ಬಾಯಲ್ಲಿ ಇಎನ್8. ಶಿವಮೊಗ್ಗದ ಯಾವ ವರ್ಕ್‌ಶಾಪಿಗೆ ಹೋಗಿ ಕೇಳಿದರೂ ಗೊತ್ತು. ಭಾರತೀಯ ಮಾನಕದ ಈ ಹೆಸರಿನಲ್ಲಿ ಮೊದಲ 40 ಅಂದರೆ ಇಂಗಾಲ ಸುಮಾರು ಶೇಕಡಾ 0.40, ಕೊನೆಯ 8 ಅಂದರೆ ಮ್ಯಾಂಗನೀಸ್ ಸುಮಾರು ಶೇಕಡಾ 0.8. ಒಳಗೆ ಏನಿದೆಯೋ ಅದೇ ಹೆಸರು. ಕುಲುಮೆಯಿಂದ ಹೀಟ್, ಅಂದರೆ ಒಂದು ಸಲಕ್ಕೆ ಕರಗಿಸಿದ ಉಕ್ಕು, ಇಳಿಸುವ ಮೊದಲು ಸ್ಯಾಂಪಲ್ ನಮ್ಮಲ್ಲಿಗೆ ಬರುತ್ತಿತ್ತು, ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ. ನೀರಿಗೆ ಅದ್ದಿ, ಮುಖ ಉಜ್ಜಿ, ಸ್ಪೆಕ್ಟ್ರೋಮೀಟರಿಗೆ ಇಟ್ಟರೆ ಕಿಡಿ ಹಾರಿ ಇಂಗಾಲ, ಗಂಧಕ, ರಂಜಕ, ಮ್ಯಾಂಗನೀಸ್ ಎಲ್ಲದರ ಲೆಕ್ಕ ಬಂದುಬಿಡುತ್ತಿತ್ತು. ಅಷ್ಟರಲ್ಲೇ ಕುಲುಮೆಯ ಕಡೆಯವರು ಫೋನು ಮಾಡಿ "ಏನಾಯ್ತು ಸಾರ್" ಅಂತ ಪ್ರಾಣ ತಿನ್ನೋರು. ಇಂಗಾಲ ಮಿತಿ ದಾಟಿದ್ದರೆ ಆ ಹೀಟನ್ನು ಎಸೆಯುತ್ತಿರಲಿಲ್ಲ. ಅದು ಯಾವ ಗ್ರೇಡಿಗೆ ಹೊಂದುತ್ತದೋ ಆ ಗ್ರೇಡಿನ ಹೆಸರು ಹಚ್ಚಿ, ಆ ಗ್ರೇಡಿನ ಬೆಲೆಗೇ ಕಳಿಸುವುದು. 40ಸಿ8 ಅಂತ ಹೆಸರಿಟ್ಟು ಮೂಲೆಯಲ್ಲಿ "ಸ್ವಲ್ಪ ಕಮ್ಮಿ" ಅಂತ ಬರೆಯುವ ಪದ್ಧತಿ ಇರಲಿಲ್ಲ. ಮಾಲಿನ ಹಿಂದೆ ಹೀಟ್ ನಂಬರ್, ಹೀಟ್ ನಂಬರಿನ ಹಿಂದೆ ಟೆಸ್ಟ್ ಸರ್ಟಿಫಿಕೇಟ್. ಗಿರಾಕಿ ತನ್ನ ಲ್ಯಾಬಿನಲ್ಲಿ ಮತ್ತೆ ನೋಡಿ ತಾಳೆಯಾಗದಿದ್ದರೆ ಲಾರಿ ವಾಪಸ್.

ಗ್ರಾಫಿಕ್ಸ್ ಕಾರ್ಡಿಗೆ ಅಂಥ ಮಾನಕ ಇಲ್ಲ. 3060 ಅಂದರೆ ಇಷ್ಟು ಕೋರ್ ಇರಬೇಕು, ಇಷ್ಟು ಅಗಲ ಇರಬೇಕು ಅಂತ ಯಾವ ಪುಸ್ತಕದಲ್ಲೂ ಬರೆದಿಲ್ಲ. ಕಂಪನಿ ಇಟ್ಟದ್ದೇ ಹೆಸರು. ಪಟ್ಟಿಯಲ್ಲೇ ತಪ್ಪು ಬರೆದರೆ ಕೋರ್ಟು ಇದೆ. 2014ರ ಜಿಟಿಎಕ್ಸ್ 970ಕ್ಕೆ ಹಾಗಾಗಿತ್ತು. 4 ಜಿಬಿಯಲ್ಲಿ ಕೊನೆಯ ಅರ್ಧ ಜಿಬಿ ನಿಧಾನ, ಪಟ್ಟಿಯಲ್ಲಿ ಬರೆದ ಕೆಲವು ಅಂಕಿ ಸರಿಯಿಲ್ಲ ಅಂತ ಹೊರಬಿದ್ದು, 2016ರಲ್ಲಿ ಅಮೆರಿಕದ ಗಿರಾಕಿಗಳಿಗೆ ತಲಾ 30 ಡಾಲರ್ ಕೊಡಲು ಕಂಪನಿ ಒಪ್ಪಿತು. ಆದರೆ ಪಟ್ಟಿ ಸರಿಯಿದ್ದು ಹೆಸರು ಮಾತ್ರ ದಾರಿ ತಪ್ಪಿಸುತ್ತಿದ್ದರೆ ಯಾರನ್ನು ಕೇಳೋಣ? 8 ಜಿಬಿಯ 3060ರ ಪಟ್ಟಿಯಲ್ಲಿ 128 ಅಂತ ಸ್ಪಷ್ಟವಾಗಿಯೇ ಇದೆ. ಓದುವುದು ನಿನ್ನ ಕೆಲಸ. ಲ್ಯಾಬಿನವನ ಕೆಲಸವನ್ನು ಕೊಳ್ಳುವವನ ತಲೆಗೇ ಕಟ್ಟಿದ್ದಾರೆ, ಅದಕ್ಕೇ ಇಷ್ಟುದ್ದ ಕೊರೆಯುತ್ತಿದ್ದೇನೆ.

ಹಾಗಂತ ಚಿಪ್ಪಿನ ಒಂದು ಭಾಗ ಮುಚ್ಚಿ ಮಾರುವುದೇ ಮೋಸ ಅಂದುಕೊಳ್ಳಬೇಡ. ಒಂದೇ ಸಿಲಿಕಾನ್ ವೇಫರಿನ ಮೇಲೆ ಮೂಡಿದ ಚಿಪ್ಪುಗಳಲ್ಲಿ ಕೆಲವಕ್ಕೆ ಒಂದೆರಡು ಕಡೆ ಕೆಟ್ಟಿರುತ್ತದೆ. ಆ ಭಾಗ ಮುಚ್ಚಿ ಉಳಿದದ್ದನ್ನು ಬಳಸದಿದ್ದರೆ ಒಳ್ಳೆಯ ಚಿಪ್ಪಿನ ಬೆಲೆ ಇನ್ನೂ ಏರುತ್ತದೆ. ನಿನ್ನ 12 ಜಿಬಿಯ 3060 ಕೂಡ ಪೂರ್ತಿ ಚಿಪ್ಪಲ್ಲ, 3840 ಕೋರ್‌ಗಳಲ್ಲಿ 3584 ತೆರೆದದ್ದು. ಅದರಲ್ಲಿ ನನಗೇನೂ ತಕರಾರಿಲ್ಲ. ಕತ್ತರಿಸಿದ ಮೇಲೂ ಹಳೆಯ ಹೆಸರೇ ಇಡುವುದಕ್ಕೆ ನನ್ನ ತಕರಾರು.

ಹೆಸರಿಗೆ ಎಷ್ಟು ಬೆಲೆ ಅಂತ ಲೆಕ್ಕ ಸಿಕ್ಕಿದ ಕಥೆ ಶುರುವಾದದ್ದೂ ಅದೇ 2022ರಲ್ಲಿ. ಸೆಪ್ಟೆಂಬರ್ 20ರಂದು ಎನ್‌ವಿಡಿಯಾ ಎರಡು 4080 ಘೋಷಿಸಿತು. 16 ಜಿಬಿಯದಕ್ಕೆ 9728 ಕೋರ್, 256 ಬಿಟ್, 1199 ಡಾಲರ್. 12 ಜಿಬಿಯದಕ್ಕೆ 7680 ಕೋರ್, 192 ಬಿಟ್, 899 ಡಾಲರ್. ಒಳಗಿನ ಚಿಪ್ಪೇ ಬೇರೆ, ಹೆಸರು ಮಾತ್ರ ಒಂದೇ. ಜನ ಸುಮ್ಮನಿರಲಿಲ್ಲ. ಅಕ್ಟೋಬರ್ 14ಕ್ಕೆ ಕಂಪನಿ, ಇದಕ್ಕೆ ಹೆಸರು ಸರಿಯಾಗಿ ಇಟ್ಟಿಲ್ಲ ಅಂತ ತಾನೇ ಹೇಳಿ, ಅಂಗಡಿಗೆ ಬರುವ ಮೊದಲೇ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. 2023ರ ಜನವರಿಯಲ್ಲಿ ಅದೇ 7680 ಕೋರ್, ಅದೇ 192 ಬಿಟ್, ಅದೇ 12 ಜಿಬಿ 4070 ಟಿಐ ಅಂತ ಬಂತು. ಬೆಲೆ 799. ಒಳಗೆ ಒಂದು ಟ್ರಾನ್ಸಿಸ್ಟರೂ ಕಮ್ಮಿಯಾಗಿಲ್ಲ, ಹೆಸರು ಕಳಚಿದ ಕೂಡಲೇ 100 ಡಾಲರ್ ಇಳಿಯಿತು. ನಮ್ಮ ದುಡ್ಡಲ್ಲಿ ಆಗ ಸುಮಾರು ಎಂಟು ಸಾವಿರ ರೂಪಾಯಿ.

ನನ್ನನ್ನು ಕೆಣಕಿದ್ದು ಅದರ ತಾರೀಕು. ದುಬಾರಿ ಕಾರ್ಡಿನ ಹೆಸರು ಸರಿಯಿಲ್ಲ ಅಂತ ಹಿಂದಕ್ಕೆ ತೆಗೆದುಕೊಂಡ ಅದೇ ಅಕ್ಟೋಬರಿನಲ್ಲೇ 8 ಜಿಬಿಯ 3060 ಅಂಗಡಿಗೆ ಬಂದದ್ದು. ಇದರ ಬಗ್ಗೆಯೂ ಬರೆಯುವವರು ಬರೆದರು, ಪರೀಕ್ಷೆ ಮಾಡುವವರು ಮಾಡಿ ತೋರಿಸಿದರು. ಹೆಸರು ಬದಲಾಗಲಿಲ್ಲ. ಸಾವಿರ ಡಾಲರ್ ಕೊಡುವವನ ಕೂಗು ಕೇಳಿಸುತ್ತದೆ. ಮಧ್ಯಮ ದರ್ಜೆಯದು ಕೊಳ್ಳುವವನು ಅಪ್ಪನ ಹತ್ತಿರ ಅರ್ಧ, ದೊಡ್ಡಪ್ಪನ ಹತ್ತಿರ ಅರ್ಧ ಕೂಡಿಸಿಕೊಂಡು ಹೋಗಿ ಡಬ್ಬ ತರುತ್ತಾನೆ.

ಹಾಗಾದರೆ ಜಿಬಿ ಜಾಸ್ತಿ ಇರುವುದನ್ನು ಕಣ್ಣು ಮುಚ್ಚಿ ತಂದರಾಯಿತು ಅಂತೀಯೇನೋ. ಅದೂ ನಡೆಯುವುದಿಲ್ಲ, ಆ ಜಾಸ್ತಿಗೆ ಏನು ಸಿಗುತ್ತದೆ ಅನ್ನುವುದು ಕಾರ್ಡಿನಿಂದ ಕಾರ್ಡಿಗೆ ಬೇರೆ. 2016ರಲ್ಲಿ ಜಿಟಿಎಕ್ಸ್ 1060 ಎರಡು ಥರ ಬಂತು. 6 ಜಿಬಿಯದಕ್ಕೆ 1280 ಕೋರ್, 3 ಜಿಬಿಯದಕ್ಕೆ 1152. ಬಸ್ ಎರಡಕ್ಕೂ 192. ಅಲ್ಲಿ ಜಿಬಿ ಕಮ್ಮಿ ಅಂದರೆ ಕೋರೂ ಕಮ್ಮಿ ಅಂತ ಅರ್ಥ, ಹೆಸರು ಮಾತ್ರ ಅದನ್ನು ಹೇಳುವುದಿಲ್ಲ. 3060ರಲ್ಲಿ ಕೋರ್ ಅಷ್ಟೇ ಇದ್ದು ಅಗಲ ಕಮ್ಮಿ. 2025ರ ಏಪ್ರಿಲಿನಲ್ಲಿ ಬಂದ 5060 ಟಿಐ ನೋಡಿದರೆ ಕಥೆ ಇನ್ನೊಂದು. 8 ಮತ್ತು 16 ಜಿಬಿ, ಎರಡರಲ್ಲೂ 4608 ಕೋರ್, ಎರಡಕ್ಕೂ 128 ಬಿಟ್, ಎರಡಕ್ಕೂ ಸೆಕೆಂಡಿಗೆ 448 ಗಿಗಾಬೈಟ್. 16 ಜಿಬಿಯದರಲ್ಲಿ ಒಂದೊಂದು ದಾರಿಗೆ ಎರಡೆರಡು ಮೆಮೊರಿ ಚಿಪ್ಪು ಹಂಚಿದ್ದಾರೆ. ಜಾಗ ಮಾತ್ರ ಬೇರೆ, ನೀನು ನಿನ್ನ 3060ರ ಬಗ್ಗೆ ಅಂದುಕೊಂಡಿದ್ದ ಮಾತು ಇಲ್ಲಿ ನಿಜ. ಜಿಬಿ ಅನ್ನುವ ಒಂದೇ ಗುರುತಿಗೆ ಮೂರು ಕಾರ್ಡಿನಲ್ಲಿ ಮೂರು ಅರ್ಥ.

ಬೆಲೆಯ ವಿಷಯಕ್ಕೆ ಬಂದರೆ, ಆ 5060 ಟಿಐ ಬಂದಾಗ 8 ಜಿಬಿಯದು 379 ಡಾಲರ್, 16ರದು 429 ಇತ್ತು. ಹೆಚ್ಚಿನ 8 ಜಿಬಿಗೆ 50 ಡಾಲರ್. ಎರಡು ವರ್ಷ ಮೊದಲು 4060 ಟಿಐನಲ್ಲಿ ಅದೇ ಹೆಚ್ಚಿನ 8 ಜಿಬಿಗೆ 100 ಡಾಲರ್ ಕೇಳಿದ್ದರು, 399 ಮತ್ತು 499. ಇನ್ನೊಂದು ತಮಾಷೆ ಕೇಳು. 2020ರ ಡಿಸೆಂಬರಿನ 3060 ಟಿಐಗೆ 256 ಬಿಟ್ ಅಗಲ, ಸೆಕೆಂಡಿಗೆ 448 ಗಿಗಾಬೈಟ್. 2023ರ 4060 ಟಿಐ ಅದೇ 399 ಡಾಲರಿಗೆ ಬಂದಾಗ ಅಗಲ ಅರ್ಧ, ಹರಿವು 288. ಮೆಮೊರಿ ಹೊಸ ಜಾತಿಯದಾದ ಮೇಲೆ 2025ರಲ್ಲಿ ಮತ್ತೆ 448. ನಾಲ್ಕೂ ಚಿಲ್ಲರೆ ವರ್ಷ ಸುತ್ತಿ ಹೊರಟ ಅಂಕಿಗೇ ಬಂದು ನಿಂತಿದೆ. ನ್ಯಾಯವಾಗಿ ಹೇಳಬೇಕೆಂದರೆ ಈ ನಡುವೆ ಚಿಪ್ಪಿನೊಳಗಿನ ಕ್ಯಾಶ್ ಮೆಮೊರಿ ಬಹಳ ದೊಡ್ಡದಾಯಿತು, ಹಾಗಾಗಿ ಹೊರಗಿನ ಹರಿವೊಂದನ್ನೇ ಹಿಡಿದು ಬೇರೆ ಬೇರೆ ತಲೆಮಾರಿನ ಕಾರ್ಡುಗಳನ್ನು ತೂಗಬಾರದು. ಒಂದೇ ತಲೆಮಾರಿನ, ಒಂದೇ ಹೆಸರಿನ ಎರಡನ್ನು ತೂಗುವಾಗ ಧಾರಾಳವಾಗಿ ತೂಗು.

ಪರಿಷ್ಕರಿಸಿದ್ದೆಲ್ಲ ಕೆಟ್ಟದ್ದೂ ಅಲ್ಲ. 2024ರ ಜನವರಿಯಲ್ಲಿ 4070 ಸೂಪರ್ ಬಂತು, 4070 ಹುಟ್ಟಿದಾಗಿದ್ದ 599 ಡಾಲರಿಗೇ. ಕೋರ್ 5888 ಇದ್ದದ್ದು 7168 ಆಯಿತು. ಹೆಸರಿಗೆ ಒಂದು ಬಾಲ ಸೇರಿತು, ಬಾಲಕ್ಕೆ ತಕ್ಕ ಮಾಲೂ ಸೇರಿತು. ಅದಕ್ಕಿಂತ ನನಗೆ ಇಷ್ಟವಾದದ್ದು 6 ಜಿಬಿಯ 3050. ಅದನ್ನು ಎಲ್ಲರೂ ಬೈದರು, ಬೈಯಲು ಕಾರಣವೂ ಇತ್ತು. 8 ಜಿಬಿಯ 3050ಗೆ 2560 ಕೋರ್, 128 ಬಿಟ್ ಇದ್ದರೆ ಇದಕ್ಕೆ 2304 ಕೋರ್, 96 ಬಿಟ್. 3040 ಅಂತಲೋ ಏನೋ ಇಡಬೇಕಿತ್ತು. ಆದರೆ ಇದು ತಿನ್ನುವುದು 70 ವಾಟ್. ಬೇರೆ ವಿದ್ಯುತ್ ಕೇಬಲ್ ಬೇಡ, ಮದರ್‌ಬೋರ್ಡಿನ ಸ್ಲಾಟಿನಿಂದಲೇ ನಡೆಯುತ್ತದೆ. ಆಫೀಸಿನವರು ಮಾರಿದ ಹಳೇ ಕಂಪ್ಯೂಟರಿನ ಬಡಕಲು ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್‌ಗೆ ಹೆಚ್ಚು ವಿದ್ಯುತ್ ತಿನ್ನುವ ಕಾರ್ಡು ಹಾಕಲಾಗದ ಕಡೆ ಇದು ಕೂರುತ್ತದೆ. ಬೆಲೆಯೂ 8 ಜಿಬಿಯದಕ್ಕೆ 249 ಇದ್ದದ್ದು ಇದಕ್ಕೆ 169 ಡಾಲರಿಗೆ ಇಳಿದಿತ್ತು. ನಿನ್ನ ತಂಗಿ ಡ್ರಾಯಿಂಗ್ ಸಾಫ್ಟ್‌ವೇರ್ ಕಲಿಯುತ್ತಾಳಂತಲ್ಲ, ಅವಳ ಆ ಹಳೇ ಡಬ್ಬಿಗೆ ಇದನ್ನೇ ತಂದುಕೊಡೋಣ ಅಂತಿದ್ದೇನೆ. ಹೆಸರು ಕೆಟ್ಟಿದೆ ಅಂತ ಮಾಲನ್ನು ಬಿಡಬೇಕಾಗಿಲ್ಲ, ಅದರ ಒಳಗನ್ನು ನೋಡಿ ಬೆಲೆ ಕಟ್ಟಿದರೆ ಆಯಿತು.

ಈಗ ನಿನ್ನದು. ಅಡಿಕೆಯ ಎಲೆಚುಕ್ಕೆ ರೋಗವನ್ನು ಫೋಟೋದಿಂದ ಗುರುತಿಸುವ ಪ್ರಾಜೆಕ್ಟ್ ಅಂದೆ. ಒಳ್ಳೆಯ ಕೆಲಸ, ತೀರ್ಥಹಳ್ಳಿ, ಹೊಸನಗರದ ಕಡೆ ತೋಟ ನೋಡಿ ಬಂದವರ ಮುಖ ನೋಡಿದರೆ ಸಾಕು, ಅದರ ಬೆಲೆ ಗೊತ್ತಾಗುತ್ತದೆ. ಅಂಥ ಮಾಡೆಲ್‌ಗೆ ತರಬೇತಿ ಕೊಡುವಾಗ ಒಂದು ಸಲಕ್ಕೆ ತೆಗೆದುಕೊಳ್ಳುವ ಚಿತ್ರಗಳ ಕಂತೆ ಕಾರ್ಡಿನ ಮೆಮೊರಿಯೊಳಗೆ ಹಿಡಿಸಬೇಕು. ಹಿಡಿಸದಿದ್ದರೆ ಔಟ್ ಆಫ್ ಮೆಮೊರಿ ಅಂತ ಹೇಳಿ ಪ್ರೋಗ್ರಾಮೇ ನಿಂತುಬಿಡುತ್ತದೆ. ಕಂತೆ ಸಣ್ಣದು ಮಾಡಬೇಕು, ಇಲ್ಲವೇ ಚಿತ್ರ ಕುಗ್ಗಿಸಬೇಕು. ಚಿತ್ರ ಕುಗ್ಗಿಸಿದರೆ ಶುರುವಿನ ಸಣ್ಣ ಚುಕ್ಕೆ ಕಾಣಿಸುವುದೇ ಇಲ್ಲ, ನಿನಗೆ ಬೇಕಾದದ್ದೇ ಆ ಸಣ್ಣ ಚುಕ್ಕೆ. ನಿನ್ನ ಕೋಡು ನಿಂತಿರುವುದು ಎನ್‌ವಿಡಿಯಾದ ಕುಡಾ ಸಾಫ್ಟ್‌ವೇರಿನ ಮೇಲೆ, ಹಾಗಾಗಿ ಎಎಂಡಿಯ ಕಾರ್ಡು ಅಗ್ಗಕ್ಕೆ ಸಿಕ್ಕರೂ ನಿನಗೆ ಸದ್ಯಕ್ಕೆ ತಲೆನೋವು.

ಆಟದಲ್ಲಿ ಹೀಗೆ ನಿಲ್ಲುವುದಿಲ್ಲ, ಬೇರೆ ಥರ ಕಾಡುತ್ತದೆ. ಕಾರ್ಡಿನ ಮೆಮೊರಿ ತುಂಬಿದರೆ ಉಳಿದದ್ದನ್ನು ಕಂಪ್ಯೂಟರಿನ ರ‍್ಯಾಮಿನಿಂದ ತರಿಸಬೇಕು. ನಿಮ್ಮಪ್ಪ ಕೊಡಿಸಿದ ಮದರ್‌ಬೋರ್ಡಿನಲ್ಲಿ ಕಾರ್ಡಿಗಿರುವ ದಾರಿ ಪಿಸಿಐಇ 3ನೇ ತಲೆಮಾರಿನದು. 5060 ಟಿಐಯಂಥ ಕಾರ್ಡು ಅದರಲ್ಲಿ ಎಂಟೇ ಲೇನ್ ಬಳಸುತ್ತದೆ, ಅಂದರೆ ಸೆಕೆಂಡಿಗೆ ಸುಮಾರು 8 ಗಿಗಾಬೈಟ್. 448 ಎಲ್ಲಿ, 8 ಎಲ್ಲಿ! ಆಟ ತಡೆತಡೆದು ಹೋಗುವುದು ಆಗಲೇ. 3060 ಹದಿನಾರು ಲೇನಿನದು, ನಿನ್ನ ಹಳೇ ಬೋರ್ಡಿನಲ್ಲಿ ಅದಕ್ಕೆ ಇದರ ಎರಡರಷ್ಟು ದಾರಿ ಸಿಗುತ್ತದೆ. ಅಷ್ಟಾದರೂ 12 ಜಿಬಿ ಇದ್ದರೆ ಆ ದಾರಿಯ ಉಸಾಬರಿಯೇ ಕಮ್ಮಿ.

ಆದ್ದರಿಂದ ನನ್ನ ಮಾತು ಕೇಳುವುದಾದರೆ 12 ಜಿಬಿಯ 3060 ತಗೋ, ಮಾನಿಟರ್ ಮುಂದಿನ ವರ್ಷ ನೋಡೋಣ. ಇನ್ನೂ ದುಡ್ಡು ಕೂಡಿಸಿ 16 ಜಿಬಿಯ 5060 ಟಿಐ ತರಬಹುದು, ಆದರೆ ಬೋರ್ಡು ಬದಲಿಸುವವರೆಗೆ ಅದರ ಪೂರ್ತಿ ಬೆಲೆ ನಿನಗೆ ದಕ್ಕುವುದಿಲ್ಲ. 8 ಜಿಬಿಯ 3060 ಮಾತ್ರ ಬೇಡ. ಆನ್‌ಲೈನಿನವನು ಇನ್ನೂ ಇಳಿಸಿದರೂ ಅದನ್ನು 3060ರ ಜೊತೆ ಹೋಲಿಸಬೇಡ, ಅದಕ್ಕಿಂತ ಕೆಳಗಿನ ಕಾರ್ಡುಗಳ ಬೆಲೆ ಪಕ್ಕದಲ್ಲಿಟ್ಟು ನೋಡು, ಆಗ ಅದು ಅಗ್ಗ ಅಲ್ಲ ಅಂತ ನಿನಗೇ ಕಾಣುತ್ತದೆ.

ತರುವಾಗ ಡಬ್ಬದ ಹೆಸರಲ್ಲ, ಪಕ್ಕದ ಚೀಟಿಯ ಮೇಲಿನ ಮಾಡೆಲ್ ನಂಬರ್ ಪೂರ್ತಿ ಬರೆದುಕೊಂಡು ತಯಾರಕರ ಸ್ವಂತ ಪುಟದಲ್ಲಿ ತಾಳೆ ನೋಡು. ಬಿಲ್ಲು ಶೇಕಡಾ 18 ಜಿಎಸ್‌ಟಿ ಸಹಿತ, ಸೀರಿಯಲ್ ನಂಬರ್ ಬರೆಸಿಯೇ ತಗೋ. ಬಿಲ್ಲಿಲ್ಲದೆ ಐನೂರು ಕಮ್ಮಿ ಮಾಡ್ತೀನಿ ಅಂದರೆ ವಾರಂಟಿಯನ್ನು ಐನೂರಕ್ಕೆ ಮಾರಿದ ಹಾಗೆ. ಬೆಂಗಳೂರಿನ ಎಸ್‌ಪಿ ರೋಡಿಗೇ ಹೋಗಿ ತರುತ್ತೀನಿ ಅಂತ ಜನಶತಾಬ್ದಿ ಹತ್ತಬೇಡ, ಉಳಿಸಿದ್ದು ರೈಲು ಮತ್ತು ಊಟಕ್ಕೆ ಹೋಗುತ್ತದೆ, ಕೆಟ್ಟರೆ ಕೇಳಲು ಇಲ್ಲಿ ಯಾರೂ ಇರುವುದಿಲ್ಲ. 3060 ಎಳೆಯುವುದು 170 ವಾಟ್, ಕಂಪನಿ 550 ವಾಟಿನ ಎಸ್‌ಎಂಪಿಎಸ್ ಹೇಳುತ್ತದೆ. ನಿನ್ನದು ಹೆಸರಿಲ್ಲದ ಕಂಪನಿಯದು, ಅದರ ಮೇಲೆ 500 ಅಂತ ಬರೆದಿರುವುದನ್ನು ನಾನು ನಂಬುವುದಿಲ್ಲ. ಕಾರ್ಡಿನ ಜೊತೆಗೇ ಒಳ್ಳೆಯದೊಂದನ್ನು ಹಾಕಿಸು, ಮಳೆಗಾಲದಲ್ಲಿ ನಿಮ್ಮ ವಿನೋಬನಗರದಲ್ಲಿ ಕರೆಂಟು ಹೋಗಿ ಬರುವ ಪರಿ ಗೊತ್ತಲ್ಲ.

ಅಂಗಡಿಯವರ ಹತ್ತಿರ ಕಾರ್ಡು ಹಾಕಿಸಿ ಜಿಪಿಯು-ಝಡ್ ಅನ್ನುವ ಪ್ರೋಗ್ರಾಮ್ ತೆರೆಸು. ಅದರಲ್ಲಿ ಬಸ್ ವಿಡ್ತ್ ಅನ್ನುವ ಕಡೆ 192 ಬಿಟ್ ಅಂತ ಬಂದರೆ ಆಮೇಲೆ ದುಡ್ಡು ಕೊಡು. ಎಸ್‌ಎಂಪಿಎಸ್‌ನದ್ದೂ ಸೇರಿ ಎಷ್ಟು ಕಮ್ಮಿ ಬೀಳುತ್ತದೆ ಅಂತ ಅಲ್ಲಿಂದಲೇ ಫೋನು ಮಾಡು, ಪೆನ್ಶನ್ ಬಂದಿದೆ, ಫೋನ್‌ಪೇ ಮಾಡುತ್ತೇನೆ. ನಿಮ್ಮಪ್ಪನಿಗೆ ಪ್ರಾಜೆಕ್ಟಿಗೆ ಅಂತ ಹೇಳು, ಸುಳ್ಳೇನೂ ಅಲ್ಲವಲ್ಲ.

ಇಂತಿ ನಿನ್ನ
ದೊಡ್ಡಪ್ಪ